ಅಣ್ಣ ಕೊರೆದ ನಳಿಗೆ

ಆ ಬೀದಿಯ ಜನ ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಗರಿಗರಿ ಅಕ್ಕ. ಅದು ಅವಳಿಗೂ ಗೊತ್ತಿತ್ತು. ಬೇಸರ ಮಾಡಿಕೊಂಡವಳಲ್ಲ, ಒಳಗೊಳಗೇ ಹಿಗ್ಗುತ್ತಿದ್ದಳು ಎಂದರೂ ತಪ್ಪಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅವಳದು. ಮನೆಯ ಮುಂದಿನ ಕೋಣೆಯೇ ಅಂಗಡಿ: ಕಂಬಳಿ ಹೊದಿಸಿದ ಉದ್ದನೆಯ ಮೇಜು, ಎರಡು ಇಸ್ತ್ರಿಪೆಟ್ಟಿಗೆ, ಮೂಲೆಯಲ್ಲಿ ಗಂಜಿಯ ತೊಟ್ಟಿ, ಹಿಂಬದಿಯ ಅಂಗಳದಲ್ಲಿ ಸಾಲು ಸಾಲು ಹಗ್ಗ. ಗಂಜಿ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ, ಸಾಕು ಮಾಡು ಎಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಬೇಕಾದ್ದಕ್ಕೂ ಹಾಕುತ್ತಿದ್ದಳು, ಬೇಡವಾದ್ದಕ್ಕೂ ಹಾಕುತ್ತಿದ್ದಳು. ಅಂಗಿ, ಹಾಸಿಗೆ ಹೊದಿಕೆ, ಪರದೆ ಸರಿ. ಕರವಸ್ತ್ರಕ್ಕೂ ಹಾಕಿ ಕೊಡುತ್ತಿದ್ದಳು, ನೆಗಡಿಯಾದವರು ಮೂಗು ಕೆರೆಸಿಕೊಂಡು ಬಂದು ದೂರು ಹೇಳಬೇಕಿತ್ತು. ಅವಳ ದಿಂಬಿನ ಕವಚದ ಮೇಲೆ ಮಲಗಿ ಎದ್ದವರ ಕೆನ್ನೆಯ ಗೆರೆ ಮಧ್ಯಾಹ್ನದವರೆಗೂ ಹೋಗುತ್ತಿರಲಿಲ್ಲ.

ಇದಕ್ಕೊಂದು ಕಾರಣವಿತ್ತು. ತಾಯಿ ಇಲ್ಲದ ಮಗು ಎಂದು ನಾಲ್ಕು ಜನ ಅಯ್ಯೋ ಪಾಪ ಅನ್ನುವಂತೆ ಅವಳು ಒಂದು ದಿನವೂ ಶಾಲೆಗೆ ಹೋದವಳಲ್ಲ. ಹಾಗೆ ಹೋಗದಂತೆ ನೋಡಿಕೊಂಡವನು ಅಣ್ಣ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದಾಗ ಅವನಿಗಿನ್ನೂ ಮೀಸೆ ನೆಟ್ಟಗೆ ಮೂಡಿರಲಿಲ್ಲ. ಒಂದು ಕಬ್ಬಿಣದ ಕೆಲಸದ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದ. ಅಲ್ಲಿಂದ ಬಂದು ತಂಗಿಯ ಲಂಗ ಒಗೆದು, ಗಂಜಿ ಹಾಕಿ, ಕೆಂಡದ ಪೆಟ್ಟಿಗೆಯಿಂದ ಇಸ್ತ್ರಿ ಮಾಡಿ, ಎಣ್ಣೆಯ ವಾಸನೆ ಹೋಗದ ಕೈಯಿಂದ ಅವಳ ಜಡೆ ಹೆಣೆದು ಕಳಿಸುತ್ತಿದ್ದ. ಜಡೆ ಸೊಟ್ಟಗಿರುತ್ತಿತ್ತು, ಬಟ್ಟೆ ಮಾತ್ರ ನೆಟ್ಟಗಿರುತ್ತಿತ್ತು. ಅವಳನ್ನು ಓದಿಸಿದ, ಮದುವೆ ಮಾಡಿದ. ತಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದ. ಅಣ್ಣನ ಋಣ ತೀರಿಸಲು ಏಳು ಜನ್ಮ ಸಾಲದು ಎಂದು ಅವಳು ಗಿರಾಕಿಗಳ ಮುಂದೆಯೂ ಹೇಳುತ್ತಿದ್ದಳು. ಅಣ್ಣನ ಮುಂದೆ ಮಾತ್ರ ಹೇಳಿರಲಿಲ್ಲ, ಹೇಳಿದರೆ ಅವನು ಎದ್ದು ಹೊರಗೆ ಹೋಗುವವನು.

ಆ ಅಣ್ಣ ಈಗ ಬಂದೂಕಿನ ನಳಿಗೆ ಮಾಡುವವನಾಗಿದ್ದ. ಊರಾಚೆ ಗುರಿಕಾರರ ಸಂಘವೊಂದಿತ್ತು. ಹಳೆಯ ಮಾದರಿಯ, ಬಾಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಹಲಗೆಗೆ ಗುರಿಯಿಡುವುದು ಅವರ ಹುಚ್ಚು. ಅಂಥ ನಳಿಗೆಯನ್ನು ಕೈಯಿಂದಲೇ ಕೊರೆದು, ಒಳಗೆ ಸುರುಳಿಯಾಗಿ ತೋಡು ತೆಗೆಯುವವನು ಆ ಸುತ್ತಿನಲ್ಲಿ ಅವನೊಬ್ಬನೇ. ಶೆಡ್ಡಿನಲ್ಲಿ ಉದ್ದನೆಯ ಮರದ ಮೇಜೊಂದಿತ್ತು. ಅದರ ಮೇಲೆ ನಳಿಗೆಯನ್ನು ಬಿಗಿದು, ಉಕ್ಕಿನ ಹಲ್ಲಿದ್ದ ಕೋಲನ್ನು ತಿರುಗಿಸುತ್ತಾ ಎಳೆದು, ಒಂದು ತೋಡಿಗೆ ಒಂದು ಹಗಲು ಕಳೆಯುತ್ತಿದ್ದ. ಅಳತೆಯ ಉಪಕರಣಗಳು ಅವನಲ್ಲಿ ಇರಲಿಲ್ಲವೆಂದಲ್ಲ. ಆದರೆ ಕೊನೆಯ ತೀರ್ಪು ಕಿರುಬೆರಳಿನದು. ನಳಿಗೆಯ ಬಾಯೊಳಗೆ ಅದನ್ನು ಇಳಿಸಿ, ಕಣ್ಣು ಮುಚ್ಚಿ, ತೋಡಿನ ಅಂಚು ಸವರಿ, ಆಯಿತು ಅಥವಾ ಆಗಲಿಲ್ಲ ಎನ್ನುತ್ತಿದ್ದ.

ಅವಳ ಗಂಡ ಊರಿನ ಬಸ್ಸಿನ ಚಾಲಕ. ನಿಧಾನಸ್ಥ. ಅವನ ಬಸ್ಸು ಹತ್ತಿದವರು ತಲುಪುವುದು ಖಂಡಿತ, ಯಾವಾಗ ಎಂಬುದು ಮಾತ್ರ ಕೇಳಬಾರದು. ಅವನೂ ಸಂಘದ ಸದಸ್ಯನೇ, ಆದರೆ ಸ್ವಂತ ಬಂದೂಕಿರಲಿಲ್ಲ. ಸಂಘದ ಹಳೆಯದರಲ್ಲೇ ಸರದಿ ಕಾದು ಹೊಡೆಯುತ್ತಿದ್ದ. ಅಣ್ಣ ಕರುಳಿನ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಪ್ರತಿದಿನ ಕೆಲಸ ಮುಗಿಸಿ ನೇರವಾಗಿ ಅಲ್ಲಿಗೆ ಹೋಗಿ, ಕಾಲೊತ್ತಿ, ಮೈ ಒರೆಸಿ, ಪತ್ರಿಕೆ ಓದಿ ಹೇಳಿದವನು ಈ ಗಂಡ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು, ಮನೆಯಲ್ಲಿ ಯಾರಾದರೂ ಭಾವ ಎಂದರೆ ಎರಡು ತಲೆ ತಿರುಗುತ್ತಿದ್ದವು. ವಾಸಿಯಾಗಿ ಮನೆಗೆ ಬಂದ ಅಣ್ಣ ಉಪಕಾರದ ಮಾತೆತ್ತಲಿಲ್ಲ. ಶೆಡ್ಡಿನ ಬಾಗಿಲು ಹಾಕಿಕೊಂಡು ವರ್ಷವಿಡೀ ಏನೋ ಮಾಡಿದ. ಒಂದು ದಿನ ಹಳೆಯ ಹೊದಿಕೆಯಲ್ಲಿ ಸುತ್ತಿದ ಉದ್ದನೆಯ ವಸ್ತುವನ್ನು ತಂದು ಅವಳ ಇಸ್ತ್ರಿ ಮೇಜಿನ ಮೇಲಿಟ್ಟು, "ಭಾವ, ಇದು ನಿಮ್ಮದು" ಎಂದಷ್ಟೇ ಹೇಳಿ ಹೋದ.

ಹೊದಿಕೆ ಬಿಚ್ಚಿ ಗಂಡ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವಳಿಗೆ ಬಂದೂಕೆಂದರೆ ಮಸಿ, ಹೊಗೆ, ಒಗೆದರೂ ಹೋಗದ ಕಲೆ. ಆದರೆ ಇದು ಅಣ್ಣನ ಕೈಯದು, ಗಂಡನ ಕೈಗೆ ಬಂದದ್ದು. ಇವೆರಡರ ನಡುವೆ ತನ್ನದೂ ಒಂದು ಪಾಲು ಇರಬೇಕೆಂದು ಅವಳಿಗೆ ಆಸೆಯಾಯಿತು. ಇದಕ್ಕೆ ಬಟ್ಟೆಯ ಕೆಲಸವೇನಾದರೂ ಉಂಟೇ ಎಂದು ಕೇಳಿದಳು. ಉಂಟು, ಗುಂಡಿಗೆ ಸುತ್ತುವ ಬಿಲ್ಲೆ ಎಂದ ಗಂಡ. ಅಷ್ಟು ಸಾಕಾಯಿತು ಅವಳಿಗೆ.

ಇಂಥ ಬಂದೂಕಿನ ಸಂಗತಿ ತಿಳಿಯದವರಿಗೆ ಇಲ್ಲಿ ಒಂದಿಷ್ಟು ಹೇಳಲೇಬೇಕು. ಮೊದಲು ನಳಿಗೆಯ ಬಾಯಿಗೆ ಅಳೆದ ಮದ್ದು ಸುರಿಯುವುದು. ಆಮೇಲೆ ಬಾಯ ಮೇಲೆ ಜಿಡ್ಡು ಸವರಿದ ದುಂಡನೆಯ ಬಟ್ಟೆಬಿಲ್ಲೆ, ಅದರ ಮೇಲೆ ಸೀಸದ ಗುಂಡು. ಎರಡನ್ನೂ ಗಜದ ಕೋಲಿನಿಂದ ತಳದವರೆಗೆ ದೂಡುವುದು. ಬಟ್ಟೆ ಗುಂಡನ್ನು ತೊಟ್ಟಿಲಿನಂತೆ ಹಿಡಿದುಕೊಂಡು, ತೋಡಿನೊಳಗೆ ಕೂತು, ಗುಂಡಿಗೆ ತಿರುವು ಕೊಟ್ಟು ಕಳಿಸಬೇಕು. ಹೊರಗೆ ಬಂದಮೇಲೆ ತಾನು ಬಿಟ್ಟು ಬೀಳಬೇಕು. ಮದ್ದು ಎಷ್ಟು, ಗುಂಡು ಎಷ್ಟು ದಪ್ಪ, ಬಟ್ಟೆ ಎಂಥದು, ಜಿಡ್ಡು ಯಾವುದು, ಎಲ್ಲ ಕೂಡಿ ಬಂದರೆ ಅದಕ್ಕೆ ಹದ ಎನ್ನುತ್ತಾರೆ. ಒಂದು ಬಂದೂಕಿನ ಹದ ಇನ್ನೊಂದಕ್ಕೆ ಆಗುವುದಿಲ್ಲ. ಹೊಸ ಸೊಸೆಯ ಸ್ವಭಾವದಂತೆ, ಕೂಡಿ ಬಾಳಿಯೇ ತಿಳಿಯಬೇಕು.

ಅವಳು ಹಾಸಿಗೆಯ ಚೀಲಕ್ಕೆ ಹಾಕುವ ಒಳ್ಳೆಯ ಗಟ್ಟಿ ಹತ್ತಿಬಟ್ಟೆ ತಂದಳು. ಒಗೆದಳು. ಅಣ್ಣನ ನಳಿಗೆಯೊಳಗೆ ಹೋಗುವ ಬಟ್ಟೆ ಜೋಲಾಗಿ ಹೋಗುವುದೇ? ಹೆಂಡತಿಯಾದವಳು, ತಂಗಿಯಾದವಳು ಅಷ್ಟೂ ಮಾಡದಿದ್ದರೆ ಹೇಗೆ? ದಪ್ಪ ಗಂಜಿಯಲ್ಲಿ ಅದ್ದಿದಳು, ಒಣಗಿಸಿ ಬಿಸಿ ಇಸ್ತ್ರಿ ಒತ್ತಿದಳು, ಬಾಟಲಿಯ ಮುಚ್ಚಳ ಇಟ್ಟು ಗೆರೆ ಎಳೆದು ಒಂದೊಂದನ್ನೇ ಕತ್ತರಿಸಿದಳು. ಕಾಗದದಂತೆ ನೆಟ್ಟಗಿದ್ದ ಬಿಲ್ಲೆಗಳನ್ನು ಡಬ್ಬಿಯಲ್ಲಿ ಒಂದರ ಮೇಲೊಂದು ಪೇರಿಸಿ ಗಂಡನಿಗೆ ಕೊಟ್ಟಾಗ ಅವನಿಗೆ ಸಂತೋಷವೋ ಸಂತೋಷ. ಸಂಘದಲ್ಲಿ ಎಲ್ಲರಿಗೂ ತೋರಿಸಿದ. ಇಂಥ ಬಿಲ್ಲೆ ಅಂಗಡಿಯಲ್ಲೂ ಸಿಗುವುದಿಲ್ಲ ಎಂದರು ಅವರು. ಅದು ಮಾತ್ರ ನಿಜವಾಗಿತ್ತು.

ರಜೆ ಬಂದಾಗಲೆಲ್ಲ ಗಂಡ ಹದ ಹುಡುಕಲು ಹೊರಟ. ಚಕ್ಕಳದ ಮರಳುಚೀಲದ ಮೇಲೆ ನಳಿಗೆ ಒರಗಿಸಿ, ಉಸಿರು ಬಿಗಿಹಿಡಿದು ಹೊಡೆದ. ಹಲಗೆಯ ಮೇಲೆ ತೂತುಗಳು ಜಗಳವಾಡಿಕೊಂಡ ನೆಂಟರ ಹಾಗೆ ಒಂದೊಂದು ಒಂದೊಂದು ಮೂಲೆಯಲ್ಲಿ ನಿಂತವು. ಮದ್ದು ಕಡಿಮೆ ಮಾಡಿದ, ಹೆಚ್ಚು ಮಾಡಿದ. ಗುಂಡಿನ ಅಚ್ಚು ಬದಲಿಸಿದ. ಜಿಡ್ಡಿಗೆ ಜೇನುಮೇಣ ಬೆರೆಸಿದ, ಎಣ್ಣೆ ಬೆರೆಸಿದ. ಒಂದೊಂದು ಹೊಡೆತಕ್ಕೂ ನಳಿಗೆ ಒರೆಸಿದ, ಒರೆಸದೆ ನೋಡಿದ. ಕೋಲನ್ನು ಮೆಲ್ಲಗೆ ಒತ್ತಿದ, ಬಲವಾಗಿ ಒತ್ತಿದ. ಮನೆಗೆ ಬಂದು ಊಟಕ್ಕೆ ಕೂತರೆ ಅನ್ನಕ್ಕಿಂತ ಮದ್ದಿನ ಮಾತೇ ಹೆಚ್ಚಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗದಿರಲಿ ಎಂದು ಅವನು ಬಂದೂಕನ್ನು ದೂರದೆ ತನ್ನನ್ನೇ ದೂರಿಕೊಂಡ. ಕನ್ನಡಕ ಬದಲಿಸಿದ. ಕಾಫಿ ಬಿಟ್ಟ. ಕಾಫಿ ಬಿಟ್ಟಮೇಲೆ ಬಸ್ಸು ಇನ್ನಷ್ಟು ನಿಧಾನವಾಯಿತೆಂದು ಊರಿನವರು ಹೇಳುತ್ತಿದ್ದರು.

ಕಡೆಗೆ ಸಂಘದ ಕಾರ್ಯದರ್ಶಿ ನೆಲದ ಮೇಲೆ ಬಿದ್ದಿದ್ದ ಸುಟ್ಟ ಬಿಲ್ಲೆಯೊಂದನ್ನು ಎತ್ತಿ ನೋಡಿದರು. ಒಳ್ಳೆಯ ಮನುಷ್ಯ, ಹೊಟ್ಟೆಕಿಚ್ಚಿನವರಲ್ಲ. ಬಿಲ್ಲೆ ಸುತ್ತಲೂ ಕತ್ತರಿಸಿಹೋಗಿತ್ತು, ನಡುವೆ ತೂತು. ತೋಡಿನ ಅಂಚು ಹರಿತವಾಗಿ ಉಳಿದುಬಿಟ್ಟರೆ ಬಟ್ಟೆಯನ್ನು ಹೀಗೆ ಕುಯ್ಯುತ್ತದೆ ಎಂದರು. ಅದು ಎಲ್ಲರೂ ಒಪ್ಪುವ ಮಾತು, ಸಾಮಾನ್ಯವಾಗಿ ನಿಜವಾದ ಮಾತು ಕೂಡ. ಬಟ್ಟೆ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಒಬ್ಬನ ಹೆಂಡತಿ ಅಷ್ಟು ಮುತುವರ್ಜಿಯಿಂದ ಮಾಡಿಕೊಟ್ಟದ್ದರಲ್ಲಿ ಅವನೆದುರಿಗೇ ಹುಳುಕು ಹುಡುಕುವಷ್ಟು ಮೂರ್ಖರು ಆ ಸಂಘದಲ್ಲಿ ಇರಲಿಲ್ಲ.

ಗಂಡ ಒಂದು ವಾರ ಹಿಂದುಮುಂದು ನೋಡಿ, ಸುಟ್ಟ ಬಿಲ್ಲೆಯನ್ನು ಅಣ್ಣನ ಹತ್ತಿರ ತೆಗೆದುಕೊಂಡು ಹೋದ. ದೂರಲಿಕ್ಕಲ್ಲ, ಅಂಚನ್ನು ಸ್ವಲ್ಪ ಮೊಂಡು ಮಾಡಿಕೊಟ್ಟರೆ ಸರಿಹೋದೀತೆಂದು. ಅವಳೂ ಜೊತೆಗಿದ್ದಳು. ಅಣ್ಣ ಆ ಚೂರನ್ನು ಬೆರಳಲ್ಲಿ ಹಿಡಿದು ನೋಡಿದ. ಒಮ್ಮೆ ಭಾವನ ಮುಖ ನೋಡಿದ. ಆಮೇಲೆ ಮೆತ್ತಗೆ, ನನ್ನದೇ ಇರಬಹುದು ಭಾವ, ಬೆರಳು ಮೊದಲಿನ ಹಾಗಿಲ್ಲ ಎಂದ. ಬಂದೂಕು ಬಿಟ್ಟುಹೋಗಿ ಎಂದೂ ಅನ್ನಲಿಲ್ಲ, ಸರಿಮಾಡುತ್ತೇನೆ ಎಂದೂ ಅನ್ನಲಿಲ್ಲ.  ಅಣ್ಣನ ಬಾಯಿಂದ ಅವಳು ಯಾವತ್ತೂ ತನ್ನಿಂದ ಆಗುವುದಿಲ್ಲ ಎಂಬ ಮಾತು ಕೇಳಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣ ಆಡಿದ್ದು ಮನೆಯೊಳಗೆ, ಅದು ಊರು ಸುತ್ತಿಬಂತು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಪಾಪ, ವಯಸ್ಸಾಯಿತಲ್ಲ ಎಂದರು. ನಳಿಗೆ ಮಾಡಿಸಬೇಕೆಂದಿದ್ದ ಇಬ್ಬರು ಈ ವರ್ಷ ಬೇಡ ಎಂದು ಹಿಂದೆ ಸರಿದರು. ಬಂದು ವಿಚಾರಿಸಿದವರಿಗೆಲ್ಲ ಅಣ್ಣ ಅದನ್ನೇ ಹೇಳಿದ: ಹೌದು, ಬೆರಳು ಹೋಯಿತು. ಶೆಡ್ಡಿನ ಮೇಜಿನ ಮೇಲೆ ತಾಡಪತ್ರಿ ಹೊದಿಸಿದ. ತಿಂಗಳುಗಟ್ಟಲೆ ಬಾಗಿಲ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಆಮೇಲೆ ಒಂದು ದಿನ, ಮೇಜನ್ನು ಕೈಕಸುಬು ಕಲಿಸುವ ಶಾಲೆಗೆ ಕೊಟ್ಟುಬಿಡುತ್ತೇನೆ, ಸೋಮವಾರ ಅವರ ಲಾರಿ ಬರುತ್ತದೆ ಎಂದು ತಂಗಿಗೆ ಹೇಳಿ ಕಳಿಸಿದ.

ಆ ಸುದ್ದಿ ಬಂದ ದಿನ ಅವಳು ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿ, ಗಂಡನಿಗೆ ಬಾಯಿಗೆ ಬಂದದ್ದೆಲ್ಲ ಅಂದಳು. ಕೊಟ್ಟ ಕೈಯನ್ನೇ ಕಚ್ಚಿದಿರಿ, ನಿಮ್ಮ ಗುರಿ ಸರಿಯಿಲ್ಲದ್ದಕ್ಕೆ ನನ್ನಣ್ಣನ ಬೆರಳು ಬಲಿಯಾಯಿತು ಎಂದಳು.  ಗಂಡನಿಗೂ ಅದೇ ಕೊರಗು. ಒಂದೇ ಒಂದು ಹದ ಸಿಕ್ಕಿಬಿಟ್ಟರೆ ಭಾವನ ಹೆಸರು ಉಳಿಯುತ್ತದೆ ಎಂದೇ ಅವನು ಬಿಡದೆ ಒದ್ದಾಡುತ್ತಿದ್ದದ್ದು. ಭಾನುವಾರ ಕೊನೆಯ ಸಲ ನೋಡುತ್ತೇನೆ ಎಂದ.

"ನಾನೂ ಬರ್ತೀನಿ," ಎಂದಳು ಅವಳು. "ಅಣ್ಣನ ನಳಿಗೆ ಅಂಥದ್ದೇನು ತಪ್ಪು ಮಾಡುತ್ತೆ ಅಂತ ನನ್ನ ಕಣ್ಣಾರೆ ನೋಡ್ತೀನಿ."

ಗುರಿ ಮೈದಾನವೆಂದರೆ ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ಮರದ ಮೇಜುಗಳು, ಎದುರಿಗೆ ಹುಲ್ಲು, ಹುಲ್ಲಿನ ಕೊನೆಗೆ ಮಣ್ಣಿನ ದಿಬ್ಬ. ಅವಳು ಕಿವಿಗೆ ಹತ್ತಿ ತುರುಕಿಕೊಂಡು ಬೆಂಚಿನ ಮೇಲೆ ಕೂತಳು. ಗಂಡ ಹೊಡೆದ. ಬಿಳಿ ಹೊಗೆ ಎದ್ದಿತು. ಹೊಗೆಯ ಹಿಂದೆಯೇ ಏನೋ ಚೂರುಚೂರಾಗಿ ಹುಲ್ಲಿನ ಮೇಲೆ ಉದುರಿತು. ಎಲ್ಲರೂ ಬಂದೂಕು ಕೆಳಗಿಟ್ಟು ಹಲಗೆ ನೋಡಲು ಹೊರಟಾಗ ಗಂಡನ ಕಣ್ಣು ತೂತುಗಳ ಮೇಲೆ, ಇವಳ ಕಣ್ಣು ಹುಲ್ಲಿನ ಮೇಲೆ. ನೆಲದ ಮೇಲೆ ಬಟ್ಟೆ ಬಿದ್ದಿದ್ದರೆ ಎತ್ತದೆ ಮುಂದೆ ಹೋಗುವ ಜೀವವಲ್ಲ ಅದು. ಬಗ್ಗಿ ಒಂದು ಚೂರು ಎತ್ತಿಕೊಂಡಳು. ಇನ್ನೊಂದು. ಮತ್ತೊಂದು. ಅಲ್ಲಿಯೇ ನಿಂತಳು.

ಕುಯ್ದ ಬಟ್ಟೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕುಯ್ದರೆ ಎಳೆಗಳು ಒಂದೇ ಸಮ ನಿಂತಿರುತ್ತವೆ. ಇದು ಮುರಿದಿತ್ತು. ಗಂಜಿ ಅತಿಯಾದ ಅಂಗಿಯ ಕಾಲರು ಮಡಿಕೆಯಲ್ಲಿ ಮುರಿಯುತ್ತದಲ್ಲ, ಹಾಗೆ. ವರ್ಷಕ್ಕೆ ನಾಲ್ಕಾದರೂ ಅಂಥ ಕಾಲರು ಅವಳ ಅಂಗಡಿಗೆ ಬಂದು, ಬಟ್ಟೆಯೇ ಕಳಪೆ ಎಂದು ಅವಳು ಗಿರಾಕಿಯ ಬಾಯಿ ಮುಚ್ಚಿಸಿ ಕಳಿಸುತ್ತಿದ್ದಳು. ಓಡಿಬಂದು ಡಬ್ಬಿಯಿಂದ ಜಿಡ್ಡು ಸವರಿಟ್ಟ ಹೊಸ ಬಿಲ್ಲೆ ತೆಗೆದಳು. ಉಗುರಿನಿಂದ ಕೆರೆದಳು. ಜಿಡ್ಡು ಮೇಲೇ ಇತ್ತು, ಒಳಗೆ ಇಳಿದೇ ಇರಲಿಲ್ಲ. ಒಳಗೆ ಬಟ್ಟೆ ಒಣಗಿ ಬೆಳ್ಳಗಿತ್ತು. ಇಳಿಯಲು ಗಂಜಿ ಬಿಟ್ಟರೆ ತಾನೇ? ಬಾಗಬೇಕಾದಲ್ಲಿ ಮುರಿದು, ಒಣಗಿದ್ದಲ್ಲಿ ಸುಟ್ಟು, ಗುಂಡನ್ನು ನಡುದಾರಿಯಲ್ಲೇ ಕೈಬಿಡುತ್ತಿತ್ತು ಅವಳ ಅಚ್ಚುಕಟ್ಟಾದ ಬಿಲ್ಲೆ.

ಬೆಂಚಿನ ಮೇಲೆ ಕೂತಳು. ಇಷ್ಟು ದಿನ ಗಂಡನಿಗೆ ಅಂದ ಮಾತುಗಳೆಲ್ಲ ಒಂದೊಂದಾಗಿ ವಾಪಸ್ಸು ಬಂದು ಮುಖಕ್ಕೆ ಹೊಡೆದವು. ಒಂದು ಯೋಚನೆಯೂ ಬಂತು, ಬರಲಿಲ್ಲವೆಂದರೆ ಸುಳ್ಳಾಗುತ್ತದೆ: ಸುಮ್ಮನೆ ಮನೆಗೆ ಹೋಗಿ ಬಿಲ್ಲೆಗಳನ್ನು ಬಿಸಿನೀರಿನಲ್ಲಿ ಕುದಿಸಿ ಗಂಜಿ ಬಿಡಿಸಿಬಿಟ್ಟರೆ? ಬಂದೂಕು ತಾನಾಗಿ ಸರಿಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಆಗ ಜನ ಏನೆನ್ನುತ್ತಾರೆ? ಹೊಡೆದು ಹೊಡೆದು ಅಂಚು ಸವೆಯಿತು ಎನ್ನುತ್ತಾರೆ. ಅಣ್ಣನ ಬೆರಳು ಹೋಗಿದ್ದು ಹೋದ ಹಾಗೇ ಉಳಿಯುತ್ತದೆ. ನಾಳೆ ಲಾರಿ ಬರುತ್ತದೆ.

"ರೀ," ಎಂದು ಕರೆದಳು. ಗಂಡ ಬಂದ. "ತಪ್ಪು ನಿಮ್ಮದೂ ಅಲ್ಲ, ಅಣ್ಣಂದೂ ಅಲ್ಲ. ನಾನು ಗಂಜಿ ಹಾಕಿದ್ದೆ."

ಗಂಡ ಚೂರುಗಳನ್ನು ನೋಡಿದ, ಅವಳ ಕಣ್ಣು ನೋಡಿದ, ಬೈಯುವ ಬದಲು ಅವಳ ಪಕ್ಕ ಕೂತು ಬೆನ್ನು ಸವರಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಅವಳಿಗೆ. ಆಮೇಲೆ ಗಂಜಿಯಿಲ್ಲದ ಬಟ್ಟೆ ಬೇಕೆಂದು ಇಬ್ಬರೂ ಹುಡುಕಿದರು. ಎಲ್ಲಿಂದ ಬರಬೇಕು? ಅವಳ ಸೆರಗು, ಅವನ ಅಂಗಿ, ಕರವಸ್ತ್ರ, ಊಟದ ಡಬ್ಬಿಗೆ ಸುತ್ತಿದ ಬಟ್ಟೆ, ಎಲ್ಲವೂ ಅವಳ ಕೈ ದಾಟಿ ಬಂದವೇ. ಕಾರ್ಯದರ್ಶಿಯವರ ಕರವಸ್ತ್ರ ಕೇಳಿದರೆ ಅದೂ ಅವಳ ಅಂಗಡಿಯದೇ. ಕಡೆಗೆ ಗಂಡ ಸ್ವಲ್ಪ ಸಂಕೋಚದಿಂದ ಚೀಲದ ತಳದಿಂದ ಬಸ್ಸಿನ ಗಾಜು ಒರೆಸುವ ಹಳೆಯ ಹತ್ತಿಬಟ್ಟೆ ತೆಗೆದ. ಡಿಪೋದ ನಲ್ಲಿಯಲ್ಲೇ ಒಗೆದು ಒಗೆದು ಅದು ಮೆತ್ತಗಾಗಿತ್ತು. ಮನೆಗೆ ತಂದರೆ ಏನಾಗುತ್ತದೆಂದು ತಿಳಿದೇ ಅವನು ಅದನ್ನು ಇಷ್ಟು ವರ್ಷ ಅವಳಿಂದ ಬಚ್ಚಿಟ್ಟಿದ್ದ. ಬೇರೆ ದಿನವಾಗಿದ್ದರೆ ಅದಕ್ಕೊಂದು ಜಗಳ ಆಗುತ್ತಿತ್ತು.

ಅವಳೇ ಕತ್ತರಿಸಿದಳು, ಅವನು ಜಿಡ್ಡು ಸವರಿದ. ಈ ಬಟ್ಟೆ ಜಿಡ್ಡನ್ನು ಬಾಯಾರಿದವರ ಹಾಗೆ ಕುಡಿಯಿತು. ಮದ್ದು ಹಾಕಿ, ಗುಂಡು ಕೂರಿಸಿ ದೂಡಿದಾಗ ಕೋಲು ಒಂದೇ ಸಮ ಇಳಿಯಿತು. ಮೊದಲ ಮೂರು ಗುಂಡು ಅಂಗೈಯಗಲದೊಳಗೆ ಬಿದ್ದವು. ಗಂಡ ಮದ್ದನ್ನು ಒಂದು ಚಿಟಿಕೆ ಏರಿಸಿ ಇನ್ನು ಮೂರು ಹೊಡೆದ. ಆಗ ಸದ್ದೇ ಬದಲಾಯಿತು. ಮಂಕಾಗಿ ಢುಮ್ಮೆನ್ನುತ್ತಿದ್ದದ್ದು ಚಟೀರೆಂದಿತು. ಹಲಗೆ ನೋಡಲು ಹೋದಾಗ ಕಾರ್ಯದರ್ಶಿಯೂ ಜೊತೆಗೆ ಬಂದರು. ಹೊಸ ತೂತುಗಳು ಒಂದರೊಳಗೊಂದು ಕೂಡಿಕೊಂಡು ಮೂರೆಸಳಿನ ಹೂವಿನಂತಿದ್ದವು. ಅವರು ಅದರ ಮೇಲೆ ಹೆಬ್ಬೆರಳಿಟ್ಟರು, ಮುಚ್ಚಿಹೋಯಿತು. ಇಂಥ ನಳಿಗೆಯನ್ನು ನಾವು ಅನುಮಾನಿಸಿದೆವಲ್ಲ ಎಂದು ಟೋಪಿ ತೆಗೆದರು. ಹುಲ್ಲಿನ ಮೇಲೆ ಬಿದ್ದಿದ್ದ ಬಿಲ್ಲೆಗಳನ್ನು ಅವಳು ಆರಿಸಿಕೊಂಡಳು. ಅಂಚು ಸ್ವಲ್ಪ ಜುಂಗಾಗಿತ್ತು, ನಡುವೆ ಗುಂಡು ಕೂತ ಕಪ್ಪು ಗುರುತು. ಉಳಿದಂತೆ ಇಡೀ ಬಟ್ಟೆ ಹಾಗೆಯೇ ಇತ್ತು.

ಬಂದೂಕು ಒರೆಸಲೂ ನಿಲ್ಲದೆ ಅಣ್ಣನ ಮನೆಗೆ ನಡೆದರು. ಅಣ್ಣ ಶೆಡ್ಡಿನಲ್ಲಿದ್ದ. ತಾಡಪತ್ರಿ ತೆಗೆದು, ನಾಳೆ ಹೊರಡಲಿದ್ದ ಮೇಜನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಹೆಣ್ಣು ಕಳಿಸಿಕೊಡುವವರ ಹಾಗೆ ಸಂದಿಗೊಂದಿಯನ್ನೂ ಬಿಡದೆ. ಅವಳು ಹಲಗೆಯಿಂದ ಬಿಡಿಸಿ ತಂದಿದ್ದ ಗುರಿ ಕಾಗದವನ್ನು ಅದರ ಮೇಲೆ ಹರಡಿದಳು, ಪಕ್ಕಕ್ಕೆ ಎರಡು ಬಗೆಯ ಬಿಲ್ಲೆ ಇಟ್ಟಳು, ಮುರಿದದ್ದು ಮತ್ತು ಇಡಿಯಾದದ್ದು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಅರ್ಧಕ್ಕರ್ಧ ಮರೆತುಹೋಗಿತ್ತು.

"ಅಣ್ಣ, ನಿನ್ನ ನಳಿಗೇಲಿ ತಪ್ಪಿಲ್ಲ. ನಾನು ಬಟ್ಟೆಗೆ ಗಂಜಿ ಹಾಕಿದ್ದೆ, ಅದೇ ಎಲ್ಲ ಕೆಡಿಸಿದ್ದು."

ಅಣ್ಣ ಅವಳನ್ನು ನೋಡಲಿಲ್ಲ. ಬಗ್ಗಿ ಕಾಗದದ ಮೇಲಿನ ತೂತುಗಳನ್ನು ನೋಡಿದ, ಬಹಳ ಹೊತ್ತು. ಆಮೇಲೆ, "ಗಂಜಿ ವಿಷಯ ಗೊತ್ತು," ಎಂದ.

ಗೊತ್ತು ಅಂದರೆ ಏನು ಎಂದು ಕೇಳಿದ್ದು ಗಂಡ. 

"ನೀವು ಅವತ್ತು ತಂದು ಕೈಗೆ ಕೊಟ್ರಲ್ಲ ಭಾವ, ಆ ಚೂರು ಇನ್ನೂ ಗರಿಗರಿ ಅಂತಿತ್ತು. ಬೆಂಕಿಯೊಳಗೆ ಹೋಗಿ ಬಂದಮೇಲೂ ಮಡಿಕೆ ಕೆಡದ ಬಟ್ಟೆ ಮಾಡೋಳು ಈ ಊರಲ್ಲಿ ಒಬ್ಬಳೇ."

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಕೋಪ. ಗೊತ್ತಿದ್ದೂ ಇಷ್ಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತೆಯಾ, ನನ್ನ ಕಿವಿ ಹಿಂಡಿ ಹೇಳಲು ನಿನಗೇನಾಗಿತ್ತು ಎಂದು ಕೂಗಾಡಿದಳು. ಅಣ್ಣ ಎಣ್ಣೆ ಬಟ್ಟೆಯನ್ನು ಮಡಿಸಿ ಮಡಿಸಿ ಸಣ್ಣದು ಮಾಡುತ್ತಾ ನಿಂತಿದ್ದ.

"ಭಾವ ಎದುರಿಗೇ ನಿಂತಿದ್ರು. ಅವರ ಮುಂದೆ ನಿನ್ನ ಕೆಲಸ ಸರಿಯಿಲ್ಲ ಅಂತ ಹೇಗೆ ಹೇಳ್ಲಿ? ನಾನೇ ಹೊಟ್ಟೆಗೆ ಹಾಕ್ಕೊಂಡ್ರಾಯ್ತು ಅಂದ್ಕೊಂಡೆ. ಇವತ್ತಲ್ಲ ನಾಳೆ ನೀನೇ ಗಂಜಿ ಬಿಡ್ತೀಯ ಅಂತಿದ್ದೆ. ನೀನು ಬಿಡೋಳಾ?"

ಗಂಡ ಮುಖ ಆ ಕಡೆ ತಿರುಗಿಸಿಕೊಂಡ. ತನಗಾಗಿ ಅಣ್ಣ ಏನೇನು ಮಾಡಿದ್ದಾನೆ ಎಂಬುದರ ಲೆಕ್ಕ ತನಗೆ ಪೂರ್ತಿ ಗೊತ್ತೆಂದು ಅವಳು ಇಷ್ಟು ವರ್ಷ ನಂಬಿದ್ದಳು. ಗಿರಾಕಿಗಳ ಮುಂದೆ ಹೇಳಿಕೊಂಡದ್ದು ಕಾಲುಪಾಲೂ ಅಲ್ಲವೆಂದು ಈಗ ತಿಳಿಯಿತು. ಕೋಪ ಎಲ್ಲಿ ಹೋಯಿತೋ. ಹಾಗಿದ್ದರೆ ಮೇಜು ಯಾಕೆ ಕೊಟ್ಟುಬಿಡುತ್ತಿದ್ದೀಯ, ನಳಿಗೆ ಸರಿಯಿದೆಯೆಂದು ನಿನಗೆ ಗೊತ್ತಿತ್ತಲ್ಲ ಎಂದು ಇಳಿದ ದನಿಯಲ್ಲಿ ಕೇಳಿದಳು.

ಅಣ್ಣ ತನ್ನ ಬಲಗೈಯನ್ನು ಮಗ್ಗುಲು ಬದಲಿಸಿ ನೋಡಿಕೊಂಡ.

"ಗೊತ್ತಿತ್ತು. ಆದರೆ ಬಂದವರಿಗೆಲ್ಲ ಬೆರಳು ಹೋಯ್ತು, ಬೆರಳು ಹೋಯ್ತು ಅಂತ ಹೇಳ್ತಾ ಹೇಳ್ತಾ ಒಂದು ದಿನ ಹಳೇ ನಳಿಗೆ ಒಂದರೊಳಗೆ ಬೆರಳಿಟ್ಟು ನೋಡಿದೆ. ಏನೂ ತಿಳೀಲಿಲ್ಲ ಕಣೇ. ನುಣ್ಣಗೆ, ಗಾಜಿನ ಹಾಗೆ. ನಿಜವಾಗ್ಲೂ ಹೋಗಿದೆ ಅನ್ನಿಸ್ತು." ಕಾಗದದ ಕಡೆ ಬೆರಳು ತೋರಿಸಿ ಕೇಳಿದ: "ಹೋಗಿರ್ಲಿಲ್ಲ, ಅಲ್ವಾ?"

ಅವಳು ಹುಟ್ಟಿದಾಗಿನಿಂದ ಅಣ್ಣ ಅವಳನ್ನು ಏನೂ ಕೇಳಿರಲಿಲ್ಲ. ನೀರು ಕೊಡು ಎಂದೂ ಕೇಳಿದವನಲ್ಲ, ತಾನೇ ಎದ್ದು ಕುಡಿಯುತ್ತಿದ್ದ. ಈಗ ಕೇಳಿಬಿಟ್ಟು, ಉತ್ತರಕ್ಕೆ ಕಾಯುತ್ತಾ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಗಂಡನ ಕೈಯಿಂದ ಬಂದೂಕು ತೆಗೆದುಕೊಂಡು ಮೇಜಿನ ಮೇಲೆ ಮಲಗಿಸಿದಳು. ಅಣ್ಣನ ಕೈ ಹಿಡಿದು ಕಿರುಬೆರಳನ್ನು ನಳಿಗೆಯ ಬಾಯಿಗೆ ತಂದಿಟ್ಟಳು.

"ನೀನೇ ನೋಡು," ಎಂದಳು.

ಅಣ್ಣ ಕಣ್ಣು ಮುಚ್ಚಿದ. ಬೆರಳು ಮಸಿಯೊಳಗೆ ಮೆಲ್ಲಗೆ ತಿರುಗಿತು. ಒಂದು ಕಡೆ ನಿಂತಿತು, ಹಿಂದೆ ಬಂತು, ಮತ್ತೆ ಅಲ್ಲಿಗೇ ಹೋಗಿ ನಿಂತಿತು. ಅವನ ತುಟಿ ಅಲುಗಿತು. ಒಂದು ಎಂದ. ಎರಡು ಎಂದ. ತಾನು ಕೊರೆದ ತೋಡುಗಳನ್ನು ಒಂದೊಂದಾಗಿ, ಒಂದನ್ನೂ ಬಿಡದೆ ಎಣಿಸಿದ. ಎಣಿಸಿ ಮುಗಿದಮೇಲೂ ಬೆರಳು ತೆಗೆಯಲಿಲ್ಲ, ಮೊದಲಿನಿಂದ ಇನ್ನೊಮ್ಮೆ ಎಣಿಸತೊಡಗಿದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡೇ ಇದ್ದಳು. ಗಂಡ ಸದ್ದಾಗದಂತೆ ಹೊರಗೆ ಹೋಗಿ, ನಾಳೆ ಲಾರಿ ಕಳಿಸುವುದು ಬೇಡವೆಂದು ಶಾಲೆಯವರಿಗೆ ಫೋನ್ ಮಾಡಿದ.